ಪೀಪಾಯಿ ಮನೆಯ ಸೊಸೆ

ಜರ್ಮನಿಯ ಎರ್ಲೆನ್‌ಗ್ರುಂಡ್ ಊರಿನಲ್ಲಿ ಜನರನ್ನು ಕರೆಯುವುದು ಮನೆಯ ಹೆಸರಿನಿಂದ. ಚರ್ಚಿನ ಎದುರಿಗಿರುವ, ಕಪ್ಪು ತೊಲೆಗಳ ನಡುವೆ ಸುಣ್ಣ ಬಳಿದ ದೊಡ್ಡ ಮನೆಯಲ್ಲಿ ಹಿಂದೆಂದೋ ಪೀಪಾಯಿ ಮಾಡುವವರಿದ್ದರು. ಅವರ ಕಸುಬು ನಿಂತು ಎಷ್ಟೋ ಕಾಲವಾದರೂ ಅಲ್ಲಿ ಹುಟ್ಟಿದವನು ಪೀಪಾಯಿ ಹೈನರ್, ಅವನ ಮಗಳು ಪೀಪಾಯಿ ಗೆರ್ಲಿಂಡ್. ಮದುವೆಯಾಗಿ ಬಂದ ಹೆಣ್ಣುಗಳಿಗೂ ವರ್ಷದೊಳಗೆ ಆ ಹೆಸರು ಅಂಟುತ್ತಿತ್ತು. ಹೈನರನ ಹೆಂಡತಿ ಓಟ್ಟಿಲಿಗೆ ಮಾತ್ರ ಅಂಟಲಿಲ್ಲ. ಅವಳು ಕೊನೆಯವರೆಗೂ ನಿರಾಶ್ರಿತರ ಓಟ್ಟಿಲಿಯೇ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಚೆಕ್ ನಾಡಿನ ಬೊಹೆಮಿಯಾದಿಂದ ಹೊರದಬ್ಬಿಸಿಕೊಂಡ ಜರ್ಮನರ ಜೊತೆ, ದನ ಸಾಗಿಸುವ ರೈಲುಡಬ್ಬಿಯಲ್ಲಿ, ತಾಯಿಯ ಕೋಟಿನ ಅಂಚು ಹಿಡಿದು ಬಂದಾಗ ಅವಳಿಗೆ ಎಂಟು ವರ್ಷ. ಪೊಲೀಸಿನವನು ಪೀಪಾಯಿ ಮನೆಯ ಕದ ಬಡಿದು, ಇವರಿಗೆ ಅಟ್ಟದ ಕೋಣೆ ಬಿಟ್ಟುಕೊಡಿ ಎಂದ.

"ಅಲ್ಲಿ ಸೇಬು ಹರಡಿದೀನಿ," ಎಂದಳು ಮನೆಯ ಯಜಮಾನಿ ಕಟರೀನ.

"ಸೇಬು ಕೆಳಗಿಳಿಸಿ," ಎಂದ ಅವನು.

ಆ ಸೇಬುಗಳ ಸಿಟ್ಟು ಕಟರೀನಳಿಗೆ ಸಾಯುವವರೆಗೂ ಇಳಿಯಲಿಲ್ಲ. ಅವಳ ಮಗ ಹೈನರ್ ಮುಂದೆ ಆ ಅಟ್ಟದ ಹುಡುಗಿಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ, "ಒಂದು ಚಮಚ ಇಲ್ದೆ ಬಂದೋಳು, ಈಗ ಪೂರ್ತಿ ಮನೇನೇ ನುಂಗ್ತಾಳೆ," ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಅದೇ ಕಟರೀನ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸಿದವಳು, ಬಾಯಿಗೆ ಗಂಜಿ ಹಾಕಿದವಳು ಓಟ್ಟಿಲಿ. ಹಾಲು ಕರೆದಳು, ಹುಲ್ಲು ಕೊಯ್ದಳು, ಅಟ್ಟದಲ್ಲೇ ಪ್ರಾಣ ಬಿಟ್ಟ ತನ್ನ ತಾಯಿಯನ್ನು ಸ್ಮಶಾನದ ಗೋಡೆಯ ಮೂಲೆಯಲ್ಲಿ ಮಣ್ಣು ಮಾಡಿದಳು. ಹೈನರ್ ತೀರಿಕೊಂಡ ಮೇಲೆ ಮಾಡಿಗೆ ಹೊಸ ಹೆಂಚು ಹೊದಿಸಿ, ಹುಳ ತಿಂದ ತೊಲೆಗಳನ್ನು ಕಿತ್ತು ಬೇರೆ ಹಾಕಿಸಿದಳು.

ಅವಳಿಗೆ ಎಪ್ಪತ್ತಾದ ವರ್ಷ ಊರಿನ ಮೇಯರ್ ಫೋಕರ್ ಬಾಗಿಲಿಗೆ ಬಂದ.

"ಓಟ್ಟಿಲಕ್ಕ, ಶನಿವಾರ ಅಂಗಳ ಸ್ವಲ್ಪ ಚೊಕ್ಕಟ ಮಾಡಿಡು. ಅಮೆರಿಕದಿಂದ ಪೀಪಾಯಿ ಮನೆಯೋರು ಬರ್ತಿದಾರೆ."

"ಪೀಪಾಯಿ ಮನೆಯೋರು ಇಲ್ಲೇ ಇದೀವಲ್ಲೋ."

"ಹಂಗಲ್ಲ ಅಕ್ಕ. ನಿಜವಾದೋರು."

ಬಂದವರು ಓಹಾಯೋದ ರೈಟ್ಸ್ ದಂಪತಿ. ಪೀಪಾಯಿ ಮನೆಯವರಿಗೆ ಕಾಗದಪತ್ರದಲ್ಲಿರುವ ಹೆಸರೂ ರೈಟ್ಸ್ ಎಂದೇ. ಅವರ ಹಿರಿಯನೊಬ್ಬ ನೂರೈವತ್ತು ವರ್ಷದ ಹಿಂದೆ ಈ ಮನೆ ಬಿಟ್ಟು ಹಡಗು ಹತ್ತಿದ್ದನಂತೆ. ಊರಿನ ವಾದ್ಯದವರು ತುತ್ತೂರಿ ಊದಿದರು. "ಎಷ್ಟು ದೂರ ಹೋದ್ರೂ ರಕ್ತ ರಕ್ತಾನೇ," ಎಂದು ಮೇಯರ್ ಭಾಷಣ ಮಾಡಿದ. ಅಮೆರಿಕದ ರೈಟ್ಸ್ ಬಾಗಿಲ ಪಕ್ಕದ ತೊಲೆಯ ಮೇಲೆ ಅಂಗೈಯಿಟ್ಟು, ನನ್ನ ಮುತ್ತಜ್ಜ ಮುಟ್ಟಿದ ಮರ ಎಂದು ಕಣ್ಣೀರು ಹಾಕಿದ. ಅದು ಓಟ್ಟಿಲಿ ಹಾಕಿಸಿದ ಹೊಸ ತೊಲೆ. ಅವಳು ಪ್ಲಮ್ ಹಣ್ಣಿನ ಕೇಕು ಕೊಯ್ಯುತ್ತಿದ್ದಳು.

ರೈಟ್ಸನ ಹೆಂಡತಿ ಅವಳತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಗೆರ್ಲಿಂಡ್ ತಾಯಿಯ ಮುಖವನ್ನೂ ನೋಡದೆ ಉತ್ತರ ಕೊಟ್ಟಳು.

"ಏನ್ ಕೇಳಿದ್ರು?" ಎಂದಳು ಓಟ್ಟಿಲಿ.

"ನೀನು ಈ ಊರಿನೋಳಾ ಅಂತ."

"ನೀನೇನಂದೆ?"

"ಅಲ್ಲ ಅಂದೆ. ನಾವು ಅಪ್ಪನ ಕಡೆಯೋರು ಮುನ್ನೂರು ವರ್ಷದಿಂದ ಇಲ್ಲೇ ಇದೀವಿ ಅಂದೆ."

ಅಷ್ಟರಲ್ಲಿ ಪತ್ರಿಕೆಯವನು ಫೋಟೋ ತೆಗೆಯಲು ಮನೆತನದವರೆಲ್ಲ ಬಾಗಿಲ ಮುಂದೆ ನಿಲ್ಲಿ ಎಂದ. ಗೆರ್ಲಿಂಡ್ ಹೋಗಿ ಅಮೆರಿಕದವರ ನಡುವೆ ನಿಂತಳು. ಓಟ್ಟಿಲಿ ಏಪ್ರನ್ನು ಬಿಚ್ಚಿ ಒಂದು ಹೆಜ್ಜೆ ಮುಂದಿಟ್ಟಳು.

"ಅಮ್ಮಾ, ಇನ್ನೊಂದಿಷ್ಟು ಕಾಫಿ ತರ್ತೀಯಾ?" ಎಂದಳು ಮಗಳು.

ಅವಳು ಒಳಗೆ ಹೋಗಿ ಕಾಫಿ ತಂದಳು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಓಟ್ಟಿಲಿ ಮಗಳನ್ನು ಕೇಳಿದಳು, "ಈ ಮನೇಲಿ ನಾನ್ಯಾರೇ?"

"ಅದನ್ನೆಲ್ಲ ಮನಸಿಗೆ ಹಚ್ಕೋಬೇಡಮ್ಮ. ಅವರು ಬಂದಿದ್ದು ಬೇರು ಹುಡುಕ್ಕೊಂಡು. ನಿಂದು ಇಲ್ಲಿಲ್ಲವಲ್ಲ."

"ನೀನು ಯಾರ ಹೊಟ್ಟೇಲಿ ಹುಟ್ಟಿದ್ದು?"

ಗೆರ್ಲಿಂಡ್ ಕಪ್ಪುಗಳನ್ನು ಒರೆಸುತ್ತಲೇ ಇದ್ದಳು.

ತಿಂಗಳು ಕಳೆದು ಮೇಯರ್ ಹಿತ್ತಾಳೆಯ ಫಲಕ ಹೊತ್ತು ತಂದ. ಓಹಾಯೋದ ರೈಟ್ಸ್ ಕುಟುಂಬದ ಮೂಲಮನೆ ಎಂದು ಅದರ ಮೇಲೆ ಕೊರೆದಿತ್ತು.

"ಗೋಡೆ ನಂದು," ಎಂದಳು ಓಟ್ಟಿಲಿ. "ಒಂದು ಮೊಳೆ ಹೊಡೆದು ನೋಡು."

ಅವನು ಹೊಡೆಯಲಿಲ್ಲ. ಫಲಕ ಚರ್ಚಿನ ಗೋಡೆಗೆ ಹೋಯಿತು. ಎಲ್ಲಿಂದಲೋ ಬಂದವಳಿಗೆ ಮನೆತನದ ಬೆಲೆ ಏನು ಗೊತ್ತು ಎಂದು ಊರು ಆಡಿಕೊಂಡಿತು. ಗೆರ್ಲಿಂಡ್ ಆರು ವಾರ ತಾಯಿಯ ಮನೆಯತ್ತ ಸುಳಿಯಲಿಲ್ಲ. ಬಂದಾಗ ಓಟ್ಟಿಲಿ ಒಂದೇ ಮಾತು ಕೇಳಿದಳು.

"ನನ್ನನ್ನ ರೈಟ್ಸರ ಗೋರಿಗೆ ಹಾಕಬೇಡ. ಗೋಡೆ ಹತ್ರ, ನನ್ನಮ್ಮನ ಪಕ್ಕ ಮಲಗಿಸು."

"ಆಯ್ತಮ್ಮ," ಎಂದಳು ಗೆರ್ಲಿಂಡ್.

ಅದಾದ ನಾಲ್ಕನೆಯ ಚಳಿಗಾಲದಲ್ಲಿ ಓಟ್ಟಿಲಿ ತೀರಿಕೊಂಡಳು. ಗಂಡನನ್ನು ಬಿಟ್ಟು ಮೂಲೆಯಲ್ಲಿ ಮಲಗಿಸಿದರೆ ಜನ ಏನಂದಾರು ಎಂದು ಗೆರ್ಲಿಂಡ್ ಅವಳನ್ನು ರೈಟ್ಸರ ಗೋರಿಯಲ್ಲೇ, ಹೈನರ್ ಮತ್ತು ಕಟರೀನರ ನಡುವೆ ಮಣ್ಣು ಮಾಡಿಸಿದಳು. ಗೋರಿಯ ಕಲ್ಲಿನಲ್ಲಿ ಅವಳು ಹುಟ್ಟಿದ ಊರಿನ ಹೆಸರನ್ನು ಕೆತ್ತಿಸಲಿಲ್ಲ. ಓಹಾಯೋದವರು ಕಳಿಸಿದ ಹೂಚಕ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟರು.

ಆ ಊರಿನಲ್ಲಿ ಗೋರಿಯ ಜಾಗವನ್ನು ಇಂತಿಷ್ಟು ವರ್ಷಕ್ಕೆಂದು ಬಾಡಿಗೆಗೆ ಕೊಡುತ್ತಾರೆ. ಗೋಡೆಯ ಮೂಲೆಯಲ್ಲಿದ್ದ ಓಟ್ಟಿಲಿಯ ತಾಯಿಯ ಗೋರಿಯ ಅವಧಿ ಮರುವರ್ಷ ಮುಗಿಯಿತು. ಮುಂದುವರಿಸಬೇಕೇ ಎಂದು ಊರಿನ ಕಚೇರಿಯವರು ಕೇಳಿದ್ದಕ್ಕೆ ಗೆರ್ಲಿಂಡ್ ಬೇಡವೆಂದಳು. ಈಗ ಅಲ್ಲಿ ಹುಲ್ಲು ಬೆಳೆದಿದೆ.