ಮೆಹರಾಜಳ ಬೆಳಕಿಂಡಿ

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ್ದು ಮೆಹರಾಜಳ ಸ್ಟುಡಿಯೊ. ಅವಳು ತೆಗೆಯುತ್ತಾಳೆ, ನಾನು ಕಟ್ಟುತ್ತೇನೆ. ನಡುವೆ ಇರುವುದು ಒಂದು ತಗಡಿನ ಗೋಡೆ. ನಾನು ಮೊಳೆ ಹೊಡೆದಾಗಲೆಲ್ಲ ಆಚೆಯಿಂದ "ಶ್ರೀಶೈಲಪ್ಪ ಕಾಕಾ, ಸಾವಕಾಶ!" ಎಂದು ಕೂಗುತ್ತಾಳೆ. ನಾನು ಇನ್ನೂ ಜೋರಾಗಿ ಹೊಡೆಯುತ್ತೇನೆ. ನನ್ನ ಸ್ವಭಾವವೇ ಹಾಗೆ, ಏನು ಮಾಡುವುದು.

ಅವಳು ಸಿಂದಗಿಯ ಹೆಣ್ಣುಮಗಳು. ಅಣ್ಣ ಮಂಜೂರನ ಸ್ಟುಡಿಯೊದಲ್ಲಿ ಗಿರಾಕಿಗಳಿಗೆ ಬಾಚಣಿಗೆ, ಪೌಡರು ಕೊಡುತ್ತ ಕೊಡುತ್ತ ಕ್ಯಾಮೆರಾ ಕಲಿತವಳು. ಒಬ್ಬಳೇ ಹೋಗಿ ತೆಗೆದ ಮೊದಲ ಮದುವೆಯ ಕತೆಯನ್ನು ಈಗಲೂ ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳುತ್ತಾಳೆ. ಬೆಳಿಗ್ಗೆ ಹಂದರದ ನೆರಳಿನಲ್ಲಿ ಅರಿಶಿನ ಹಚ್ಚುವಾಗ ಲೆನ್ಸಿನ ಕಿಂಡಿಯನ್ನು ಪೂರಾ ತೆರೆದಿದ್ದಳು. ಆಮೇಲೆ ಒಳಗೆ ಬಂದು ಫ್ಲ್ಯಾಶ್ ಏರಿಸಿದಳು, ಕಿಂಡಿ ಸಣ್ಣದು ಮಾಡುವುದನ್ನು ಮರೆತಳು. ಫೋಟೊದಲ್ಲಿ ಬೀಗರೆಲ್ಲ ಸುಣ್ಣ ಬಳಿದುಕೊಂಡವರಂತೆ ಬಂದರು. ಮಂಜೂರ ತಲೆ ಮೇಲೆ ಕೈ ಹೊತ್ತು ಕೂತ. ಆದರೆ ವರನ ತಾಯಿ ಆಲ್ಬಮ್ ನೋಡಿ, "ಯವ್ವಾ, ನಮ್ಮ ಮಂದಿ ಎಷ್ಟ ಬೆಳ್ಳಗ ಬಂದಾರ! ನಮ್ಮ ಸಣ್ಣಾಕಿ ಮದುವಿಗೂ ಇದ ಹುಡುಗೀನ ಕರೀರಿ" ಎಂದಳಂತೆ! ಅಂದಿನಿಂದ ಕಿಂಡಿ ಎಷ್ಟು ತೆರೆದಿದೆ ಎಂದು ನೋಡದೆ ಮೆಹರಾಜ ಬಟನ್ ಒತ್ತಿಲ್ಲ.

ಟೆಂಪೊ ಓಡಿಸುವ ಜುಲ್ಫಿಕರನನ್ನು ಮದುವೆಯಾಗಿ ಇಂಡಿಗೆ ಬಂದಳು. ಗಂಡನೇ ಮುಂದೆ ನಿಂತು ಸ್ಟುಡಿಯೊ ಹಾಕಿಕೊಟ್ಟ. ಬಸುರಿಯರ ಕುಬಸ, ಕೂಸಿನ ತೊಟ್ಟಿಲು, ಬಳೆ ತೊಡಿಸುವುದು, ಹೆಂಗಸರು ತುಂಬಿರುವ ಯಾವ ಮನೆಗಾದರೂ ಅವಳೇ ಬೇಕು. ಗಂಡಸರು ಕ್ಯಾಮೆರಾ ಹಿಡಿದು ಬಂದರೆ ನಮ್ಮ ಹೆಂಗಸರು ಸೆರಗು ಎಳೆದುಕೊಂಡು ಕಲ್ಲಾಗಿ ಕೂಡುತ್ತಾರೆ. ಮೆಹರಾಜ ಹೋದರೆ ಅವಳ ಕೈಗೇ ಹೋಳಿಗೆ ಕೊಟ್ಟು ಮಾತಿಗೆ ಕೂಡುತ್ತಾರೆ. ಎರಡು ಹೆಗಲಿಗೆ ಎರಡು ಕ್ಯಾಮೆರಾ. ಒಂದರ ತಲೆಯ ಮೇಲೆ ಫ್ಲ್ಯಾಶ್, ಇನ್ನೊಂದು ಬೋಳು.

"ಎರಡ್ಯಾಕ? ಶೋಕಿಗೇನು?" ಎಂದು ಒಮ್ಮೆ ಕೇಳಿದೆ.

"ಬೋಳಂದು ಎರಡರಾಗ ಇರ್ತೈತಿ ಕಾಕಾ, ಅಂದ್ರ ಕಿಂಡಿ ದೊಡ್ಡದು. ಫ್ಲ್ಯಾಶಿಂದು ಎಂಟರಾಗ, ಕಿಂಡಿ ಸಣ್ಣದು."

"ಎರಡು ದೊಡ್ಡದು, ಎಂಟು ಸಣ್ಣದು? ಯಾವ ಊರ ಲೆಕ್ಕ ಇದು?"

"ಒಂದ ರೊಟ್ಟಿ ಇಬ್ಬರಿಗೆ ಹಂಚಿದ್ರ ಪಾಲು ದೊಡ್ಡದೋ, ಎಂಟು ಮಂದಿಗೆ ಹಂಚಿದ್ರ ದೊಡ್ಡದೋ? ಹಂಗ ಇದೂ."

ನಾನು ಸುತ್ತಿಗೆ ಎತ್ತಿಕೊಂಡೆ. ಅವಳು ಬಿಡಬೇಕಲ್ಲ! "ನಿಮ್ಮ ಮಾಳಿಗಿಗೆ ಬೆಳಕಿಂಡಿ ಐತಲ್ರಿ, ಹಂಗ ತಿಳೀರಿ. ಫ್ಲ್ಯಾಶಂದ್ರ ಮಿಂಚು. ಬಂತು, ಹೋತು. ಶಟರ್ ಎಷ್ಟೊತ್ತು ತೆರಕೊಂಡು ಕುಂತ್ರೂ ಆ ಮಿಂಚು ಹೆಚ್ಚಾಗಂಗಿಲ್ಲ. ಅದಕ್ಕ ಕಿಂಡಿ ಒಂದ ಲಗಾಮು. ಫ್ಲ್ಯಾಶ್ ಇಲ್ಲಂದ್ರ ಮನಿಯಾಗ ಇದ್ದಷ್ಟ ಬೆಳಕು. ಆವಾಗ ಕಿಂಡಿ ಪೂರಾ ತೆರೀಬೇಕು. ಆದ್ರ ತೆರದ್ರ ಒಂದು ತಕರಾರು ಐತಿ. ಯಾರ ಕಣ್ಣಿಗೆ ಗುರಿ ಹಿಡದಿರತೇನಿ, ಅವರ ಸಾಲಷ್ಟ ಚೊಕ್ಕ ಬರ್ತೈತಿ. ಹಿಂದಿನವರು ಮಸಕು."

ಕೊನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಈಗ ನನ್ನ ಹೆಂಡತಿ ಸುವರ್ಣಾಳ ವಿಷಯ. ಅವಳ ಕಣ್ಣು ತೆರೆದಿರುವ ಒಂದೇ ಒಂದು ಫೋಟೊ ಈ ಭೂಮಿಯ ಮೇಲಿರಲಿಲ್ಲ. ನಮ್ಮ ಮದುವೆಯ ಫೋಟೊದಲ್ಲಿ ನಿದ್ದೆ ಹೋದಂತೆ ನಿಂತಿದ್ದಾಳೆ. ಮಗಳು ಭಾಗ್ಯಜ್ಯೋತಿಯ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗಲೂ ಕಣ್ಣು ಮುಚ್ಚಿದೆ. ನಾನು ಸುಮ್ಮನಿರುವವನೇ? "ನಮ್ಮಾಕಿ ಫೋಟೊದಾಗ ತಪಸ್ಸಿಗೆ ಕುಂತಾಳ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಭಾಗ್ಯಜ್ಯೋತಿಯನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ಅವಳ ಕುಬಸ ನಮ್ಮ ಮನೆಯಲ್ಲಿ. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಪಡಸಾಲೆಯ ತುಂಬ ಹೆಂಗಸರು. ನಾನು ಹೊಸ ಹಳದಿ ರುಮಾಲು ಸುತ್ತಿಕೊಂಡು, ಮೀಸೆ ತೀಡಿಕೊಂಡು ಸಿದ್ಧನಾಗಿದ್ದೆ. ಉಡಿ ತುಂಬುವುದು ಮುಗಿಯಿತು. ತಾಯಿ ಮಗಳ ಫೋಟೊ ಎಂದಾಗ ಸುವರ್ಣಾ ಅಡುಗೆಮನೆ ಹೊಕ್ಕಳು.

"ನಾ ಒಲ್ಲೆ. ಮದುವಿ ಫೋಟೊ ಕೆಡಿಸಿದ್ದು ಸಾಲದಾ? ಇದೂ ಕೆಡಸಲೇನು?" ಎಂದು ಒಳಗಿನಿಂದಲೇ ಕೂಗಿದಳು.

ಇಷ್ಟು ದಿನ ನನ್ನ ಜೊತೆ ನಕ್ಕವಳಿಗೆ ಇದು ಇಷ್ಟು ನಾಟಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಕಸಿವಿಸಿಯಾಯಿತು.

ಭಾಗ್ಯ ಮಣೆಯಿಂದ ಎದ್ದೇ ಬಿಟ್ಟಳು. "ನೀ ಬಾಜೂಕ ಕುಂದ್ರದಿದ್ರ ನಾನೂ ಕುಂದ್ರಂಗಿಲ್ಲ. ನಾಳೆ ಕೂಸು, ಆಯಿ ಎಲ್ಲಿ, ನಿಮ್ಮವ್ವ ಎಲ್ಲಿ ಅಂತ ಕೇಳಿದ್ರ ಏನ್ ತೋರಿಸ್ಲಿ? ನನಗ ನಿನ್ನ ಕಣ್ಣು ಬೇಕವ್ವಾ." ಅಷ್ಟು ಹೇಳಿ ಅಳತೊಡಗಿದಳು. ಆರತಿ ಹಿಡಿದವರು ಹಾಗೇ ನಿಂತರು. ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು.

ಮೆಹರಾಜ ಅಡುಗೆಮನೆಗೆ ಹೋಗಿ ಸುವರ್ಣಾಳ ಕೈ ಹಿಡಿದು ಕರೆತಂದಳು. ಬೆಳಕಿಂಡಿಯ ಬೆಳಕು ಬೀಳುವಲ್ಲಿಗೆ ಮಣೆ ಸರಿಸಿದಳು. "ಫ್ಲ್ಯಾಶ್ ಹೊಡಿಯಂಗಿಲ್ಲ ಕಾಕಿ" ಎಂದು ಬೋಳು ಕ್ಯಾಮೆರಾ ಎತ್ತಿದಳು. ಕಚಕ್ ಎಂದಿತು. ಸುವರ್ಣಾ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತೇ ಇದ್ದಳು.

"ಬಿತ್ತೇನವಾ ಬೆಳಕು?"

ಪಡಸಾಲೆಯೆಲ್ಲ ಗೊಳ್ಳೆಂದಿತು. ತಪ್ಪು ಅವಳದಲ್ಲ. ಬೆಳಕು ಬೀಳದೆ ಫೋಟೊ ಮುಗಿಯಿತೆಂದು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಮದುವೆಯಲ್ಲಿ ಫ್ಲ್ಯಾಶ್ ಹೊಡೆಯುವ ತನಕ ವಧೂವರರ ಪಕ್ಕದಿಂದ ಯಾರಾದರೂ ಕದಲುತ್ತಾರೆಯೇ? ಸುವರ್ಣಾ ಬೆಳಕಿನ ದಾರಿ ಕಾಯುತ್ತ ಮೊದಲೇ ಕಣ್ಣು ಮುಚ್ಚುತ್ತಿದ್ದಳು. ಬೆಳಕು ಬಾರದಿದ್ದರೆ ಸಂಜೆವರೆಗೂ ಮುಚ್ಚಿಕೊಂಡೇ ಇರುತ್ತಿದ್ದಳೋ ಏನೋ!

ಸುವರ್ಣಾ ಏಳಲು ಹೋದಳು. ಮೆಹರಾಜ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಬೋಳು ಕ್ಯಾಮೆರಾವನ್ನು ಎದೆಗೆ ಇಳಿಬಿಟ್ಟು ಇನ್ನೊಂದನ್ನು ಎತ್ತಿದಳು.

"ಆತು ಬಿಡ್ರಿ ಕಾಕಿ, ಕಣ್ಣು ಮುಚ್ಚಿದ್ರೂ ಚಿಂತಿಲ್ಲ. ಎಲ್ಲಾರದೂ ಒಂದ ಹೊಡದು ಮುಗಸತೇನಿ. ಕಾಕಾ, ನೀವೂ ಬರ್ರಿ, ಹಿಂದ ನಿಂದರ್ರಿ."

ನಾನು ಎದೆ ಉಬ್ಬಿಸಿ ನಿಂತೆ. ಫಳ್ ಎಂದು ಫ್ಲ್ಯಾಶ್ ಹೊಡೆಯಿತು.

"ಮುಗೀತ್ರಿ!" ಎಂದಳು ಮೆಹರಾಜ.

ಎಲ್ಲರೂ ಉಸಿರು ಬಿಟ್ಟರು. ಸುವರ್ಣಾಳ ಹೆಗಲು ಇಳಿಯಿತು. ಆಗ ಭಾಗ್ಯ ತಾಯಿಯ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಅವ್ವಾ, ನೋಡಿಲ್ಲೆ! ಫ್ಲ್ಯಾಶಿಗೆ ಕೂಸೂ ಬೆಚ್ಚಿಬಿತ್ತು. ಪೂರಾ ನಿನ್ನಂಗ!"

ಸುವರ್ಣಾ ಕಣ್ಣರಳಿಸಿ ಮಗಳನ್ನು ನೋಡಿ ನಕ್ಕಳು. ಮೆಹರಾಜಳ ಎದೆಯ ಮೇಲಿದ್ದ ಬೋಳು ಕ್ಯಾಮೆರಾ ಯಾವಾಗ ಕಣ್ಣಿಗೆ ಏರಿತೋ, ಯಾವಾಗ ಇಳಿಯಿತೋ, ಯಾರೂ ಗಮನಿಸಲಿಲ್ಲ. ನಾನಂತೂ ರುಮಾಲು ಸರಿಮಾಡಿಕೊಳ್ಳುತ್ತಿದ್ದೆ.

ಮುಂದಿನ ವಾರ ಕಟ್ಟು ಹಾಕಲು ದೊಡ್ಡ ಫೋಟೊ ಒಂದನ್ನು ನನ್ನ ಮೇಜಿನ ಮೇಲೆ ಇಟ್ಟಳು. ತಾಯಿ ಮಗಳು ಒಂದೇ ಸಾಲಿನಲ್ಲಿ ಕೂತಿದ್ದರಿಂದ ಇಬ್ಬರೂ ಚೊಕ್ಕ ಬಂದಿದ್ದರು. ಸುವರ್ಣಾಳ ಒಂದೊಂದು ರೆಪ್ಪೆ ಎಣಿಸಬಹುದಿತ್ತು. ಹಿಂದೆ ಏನೋ ಹಳದಿ ಕಲಸಿದ ಹಾಗೆ ಕಾಣುತ್ತಿತ್ತು.

"ಇದೇನಿದು?"

"ನೀವ ಕಾಕಾ."

"ನನ್ನ ಮಾರಿ ಎಲ್ಲೈತಿ? ಮೀಸಿ ಎಲ್ಲೈತಿ? ಹೊಸಾ ರುಮಾಲು ಅದು!"

"ಕಿಂಡಿ ಪೂರಾ ತೆರದ್ರ ಹಿಂದಿನವರು ಮಸಕು ಅಂತ ಹೇಳಿರಲಿಲ್ಲೇನು?" ಎಂದು ಇನ್ನೊಂದು ಫೋಟೊ ಇಟ್ಟಳು. ಎಂಟರಲ್ಲಿ, ಫ್ಲ್ಯಾಶ್ ಹೊಡೆದು ತೆಗೆದದ್ದು. ನನ್ನ ರುಮಾಲಿನ ಒಂದೊಂದು ಸುತ್ತೂ, ಮೀಸೆಯ ಒಂದೊಂದು ಕೂದಲೂ ಇತ್ತು. ಮುಂದೆ ಸುವರ್ಣಾ ತಪಸ್ಸಿಗೆ ಕೂತಿದ್ದಳು. "ಯಾವದಕ್ಕ ಕಟ್ಟು ಹಾಕ್ತೀರಿ, ನೋಡ್ರಿ."

"ನೋಡೂದೇನೈತಿ? ನನ್ನ ಮಾರಿ ದಿನಾ ಕನ್ನಡ್ಯಾಗ ಕಾಣ್ತೈತಿ" ಎಂದು ಗದರಿದೆ. ಅಂಗಡಿಯಲ್ಲಿದ್ದ ಒಳ್ಳೆಯ ತೇಗದ ಪಟ್ಟಿ ತೆಗೆದು ಮಸುಕು ಫೋಟೊಕ್ಕೇ ಕಟ್ಟು ಹಾಕಿದೆ. ಮೊಳೆಯನ್ನು ಮಾತ್ರ ಸಾವಕಾಶ ಹೊಡೆದೆ. ಆಚೆಯಿಂದ ಕೂಗು ಬರಲಿಲ್ಲ.

ಮನೆಗೆ ಒಯ್ದು ಸುವರ್ಣಾಳ ಕೈಗೆ ಕೊಟ್ಟೆ. ಅವಳು ಅದನ್ನು ಬೆಳಕಿಂಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ನಾ ಹಿಂಗ ಕಾಣತೇನೇನ್ರಿ?"

"ಹೌದು. ದಿನಾ ಹಿಂಗ ಕಾಣತೀ. ಇಷ್ಟು ವರ್ಷ ನಾ ಒಬ್ಬನ ನೋಡಿದ್ದೆ, ಈಗ ಎಲ್ಲಾರೂ ನೋಡ್ಲಿ."

ಅವಳು ಕಣ್ಣೊರೆಸಿಕೊಂಡು ಫೋಟೊವನ್ನು ಮತ್ತೆ ಹತ್ತಿರ ತಂದಳು. "ಮತ್ತ ಹಿಂದ ಈ ಹಳದೀದೇನ್ರಿ, ಪರದೇನು?"

"ಹೂಂ, ಪರದೆ" ಎಂದೆ. "ಮೊಳಿ ಎಲ್ಲಿ ಹೊಡೀಲಿ, ಅಷ್ಟು ಹೇಳು."