ಬಂಗಾರಕ್ಕನ ಹಾಲು ನೀಲಿಯಾದದ್ದು

ನೀವು ನಂಬುವುದಿಲ್ಲ, ನಂಬಲೂ ಬೇಡಿ. ಆ ಕಾಲದಲ್ಲಿ ಸಾಗರದ ನಮ್ಮ ಕೇರಿಯ ಹನ್ನೊಂದು ಮನೆಗಳ ಹಾಲನ್ನು ಒಂದೇ ವಾರದಲ್ಲಿ ನೀಲಿ ಮಾಡಿದವನು ನಾನು. ಮಂತ್ರ ಹಾಕಲಿಲ್ಲ, ಬಣ್ಣ ಬೆರೆಸಲಿಲ್ಲ. ಮನೆಗೆ ಒಂದು ತೊಟ್ಟು, ಅಷ್ಟೇ. ಮೂಗು ಮುರಿಯುತ್ತಿದ್ದೀರಿ, ಗೊತ್ತು. ಇದರಲ್ಲಿ ಒಂದೇ ಒಂದು ಸುಳ್ಳಿದೆ, ಅದನ್ನು ಕೊನೆಗೆ ನಾನೇ ಹೇಳುತ್ತೇನೆ. ಅದಕ್ಕೆ ಮೊದಲೇ ನೀವು ಹಿಡಿದರೆ ಈ ವಯಸ್ಸಿನಲ್ಲಿ ಮೀಸೆ ಬೋಳಿಸಿಕೊಳ್ಳುತ್ತೇನೆ.

ಶರಾವತಿಗೆ ಅಣೆಕಟ್ಟಾಗಿ ಊರುಗಳು ಮುಳುಗಿದ ವರ್ಷಗಳು ಅವು. ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಒಂದು ಬೀರು, ಬೀರುವಿಗೆ ಒಂದು ಬೀಗ, ಬೀಗಕ್ಕೆ ಒಬ್ಬರು ಮೇಷ್ಟ್ರು. ಆ ಚಳಿಗಾಲ ಅವರು ಜೀವ ಇರುವ ಎಲ್ಲವೂ ಯಾವುದರಿಂದ ಆಗಿದೆ ಎನ್ನುವ ಪಾಠ ಹಿಡಿದರು. ಪಿಷ್ಟ, ಸಸಾರಜನಕ, ಕೊಬ್ಬು. ಶೇಂಗಾಬೀಜವನ್ನು ಕಾಗದಕ್ಕೆ ಉಜ್ಜಿದರೆ ಕಲೆಯ ಆಚೆಯಿಂದ ಬೆಳಕು ಕಾಣುತ್ತದೆ, ಅದು ಕೊಬ್ಬು. ಮೊಟ್ಟೆಯ ಬಿಳಿಗೆ ಆಮ್ಲ ಹಾಕಿ ಕಾಯಿಸಿದರೆ ಹಳದಿ, ಅದು ಸಸಾರಜನಕ. ಮೊಟ್ಟೆ ಮುಟ್ಟಲು ಅರ್ಧ ಕ್ಲಾಸು ಹೇಸಿತ್ತು, ತಂದುಕೊಟ್ಟವನು ನಾನೇ. ಎಲ್ಲಿಂದ ಎಂದು ಕೇಳಬೇಡಿ. ಅನ್ನದ ಅಗುಳಿನ ಮೇಲೆ ಅಯೋಡಿನ್ ಬಿಟ್ಟರೋ, ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ ಕಪ್ಪುನೀಲಿ. ಅದು ಪಿಷ್ಟ.

“ನಾಲ್ಕನೇದೂ ಒಂದಿದೆ,” ಎಂದರು ಮೇಷ್ಟ್ರು. “ಅಪ್ಪ ಅಮ್ಮನ ಗುಣನ ಮಕ್ಕಳಿಗೆ ದಾಟ್ಸೋದು ಅದೇಯ. ಅದನ್ನ ನೋಡಕ್ಕೆ ನನ್ನ ಬೀರುನಲ್ಲಿ ಸೀಸೆ ಇಲ್ಲ ಕಣ್ರೋ.”

ಬೀಗ ಹಾಕುವ ಹೊತ್ತಿಗೆ ಅವರಿಗೆ ಸೀನು ಬಂತು. ನನಗೆ ಒಂದು ಸೀನು ಸಾಕು. ಅಯೋಡಿನ್ ಸೀಸೆ ಆ ಸಂಜೆ ನನ್ನ ಚಡ್ಡಿ ಜೇಬಿನಲ್ಲಿತ್ತು.

ಮೊದಲ ಬಲಿ ಪಕ್ಕದ ಮನೆ ಪದ್ದಕ್ಕನ ಗಂಡನ ಪಂಚೆ. ಗಂಜಿ ಹಾಕಿ ಹಲಗೆಯಂತೆ ನಿಲ್ಲಿಸಿ ಒಣಹಾಕಿದ್ದರು. ಎರಡು ತೊಟ್ಟು ಬಿಟ್ಟೆ. ಕಾಗೆ ಯಾವ ಹಣ್ಣು ತಿಂದು ಹೀಗೆ ಮಾಡಿತೋ ಎಂದು ಆ ಮಹಾನುಭಾವರು ಮೂರು ದಿನ ಮರ ಮರ ನೋಡಿಕೊಂಡು ತಿರುಗಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಕೇರಿಗೆ ದಿನಾ ವರ್ತನೆ ಹಾಲು ಹಾಕುತ್ತಿದ್ದವಳು ಬಂಗಾರಕ್ಕ. ಮುಳುಗಡೆಯಿಂದ ಎರಡು ಎಮ್ಮೆ ಹೊಡೆದುಕೊಂಡು ಮೇಲೆ ಬಂದವಳು. ಗದ್ದೆ, ಮನೆ ಎಲ್ಲ ನೀರಿನಡಿ. ಆ ಎಮ್ಮೆಗಳೇ ಅವಳಿಗೆ ಅನ್ನ. ಒಂದು ಬೆಳಿಗ್ಗೆ, ಸುಮ್ಮನೆ ಜಂಬಕ್ಕೆ, ಕಾಯಿಸಿ ಆರಿಸಿದ ಹಾಲಿಗೆ ಒಂದು ತೊಟ್ಟು ಅಯೋಡಿನ್ ಬಿಟ್ಟೆ. ಹಾಲು ಮೆಲ್ಲಗೆ ನೀಲಿಯಾಯಿತು.

“ಇದ್ರಲ್ಲಿ ಪಿಷ್ಟ ಇದೆ! ಹಿಟ್ಟು ಕಲಸಿದಾರೆ!” ಎಂದು ಕೂಗಿದೆ.

ಬೇಲಿಯಾಚೆ ಇದ್ದ ಪದ್ದಕ್ಕನಿಗೆ ಅಷ್ಟು ಸಾಕಾಯಿತು. “ಎಂತದಾ ಅದು? ನಮ್ಮನೇದೂ ನೋಡಾ,” ಎಂದು ಲೋಟ ಹಿಡಿದು ಬಂದಳು. ಅದೂ ನೀಲಿ. ಮಾರನೆಯ ದಿನ ನಮ್ಮ ಜಗಲಿಯಲ್ಲಿ ಹನ್ನೊಂದು ಲೋಟ, ನಡುವೆ ಮಣೆಯ ಮೇಲೆ ನಾನು. ಸೀಸೆ ಎಲ್ಲಿಂದ ಬಂತು ಎಂದವರಿಗೆ “ಮೇಷ್ಟ್ರು ನಂಬಿಕೆ ಮೇಲೆ ಕೊಟ್ಟಿದಾರೆ” ಎಂದೆ. ಕೇರಿಯ ದೊಡ್ಡವರೆಲ್ಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ ಜೀವನದ ಏಕೈಕ ದಿನ.

ಬಂಗಾರಕ್ಕ ಅಂಗಳದಲ್ಲಿ ನಿಂತಿದ್ದಳು. “ಹಿಟ್ಟಾ? ಎಂತ ಮಾತು ಆಡ್ತೀರಿ? ನಮ್ಗೆ ಉಣ್ಣಾಕೇ ಹಿಟ್ಟಿಲ್ಲ, ಹಾಲಿಗೆ ಎಲ್ಲಿಂದ ತಂದು ಹಾಕ್ಲಿ?”

“ಹುಡ್ಗ ಹೈಸ್ಕೂಲು ಓದ್ತಿದಾನೆ, ಸುಳ್ಳು ಹೇಳ್ತಾನಾ?” ಎಂದಳು ಪದ್ದಕ್ಕ.

ಮೂರು ದಿನದಲ್ಲಿ ಏಳು ಮನೆಗಳು ಅವಳ ಹಾಲು ಕೊಳ್ಳುವುದನ್ನು ಬಿಟ್ಟವು.

ಮೂರನೆಯ ದಿನವೇ ನಾನು ಇಕ್ಕಟ್ಟಿಗೆ ಸಿಕ್ಕಿದ್ದು. ನಮ್ಮದು ಅವಳ ಕೊನೆಯ ಮನೆ. ಹಾಲು ತಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎನ್ನುವುದು ಅಮ್ಮನ ಪದ್ಧತಿ. ದಿನಾ ಅದಕ್ಕೆ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಬಸಿದ ಗಂಜಿಯೂ ಸೇರಿಸಿ, ಎಮ್ಮೆಗೆಂದು ಹೊಯ್ದು ಕಳಿಸುತ್ತಿದ್ದಳು. ಅವತ್ತು ಬಂಗಾರಕ್ಕನ ಹಿಂದೆಯೇ ಹೋದೆ, ಹಿಟ್ಟಿನ ಡಬ್ಬಿ ಹಿಡಿಯುವ ಪತ್ತೇದಾರಿಕೆ. ಅವಳು ಅಕ್ಕಚ್ಚನ್ನು ಎಮ್ಮೆಯ ಬಾನಿಗೆ ಸುರಿದಳು, ಪಾತ್ರೆಗೆ ನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿದಳು. ಕಿರಿದಾದ ಕತ್ತು, ಒಳಗೆ ಕೈ ಹೋಗದು. ತಳದಲ್ಲಿ ಗಂಜಿ ಬೆಳ್ಳಗೆ ಅಂಟಿತ್ತು. ಬೆಳಿಗ್ಗೆ ಅದೇ ಪಾತ್ರೆಗೆ ಹಾಲು.

ಕೇರಿಯ ಹಾಲನ್ನು ನೀಲಿ ಮಾಡುತ್ತಿದ್ದದ್ದು ನಮ್ಮ ಮನೆಯ ಅನ್ನ.

ಹೇಳಿದರೆ ಮಾತು ಮೇಷ್ಟ್ರವರೆಗೆ ಹೋಗಿ ಸೀಸೆಯ ಕಳ್ಳತನ ಹೊರಬೀಳುತ್ತದೆ, ನಾನು ಸ್ಕೂಲಿನಿಂದ ಹೊರಗೆ. ಹೇಳದಿದ್ದರೆ ಬಂಗಾರಕ್ಕ ಕೇರಿಯಿಂದ ಹೊರಗೆ. ಬೆರಳುಗಳು ಕಂದಾಗಿದ್ದವು; ಅಡಿಕೆ ಚೊಗರಿನ ಕಲೆ ಎಂದು ಅಮ್ಮನಿಗೆ ಹೇಳಿದ್ದೆ. ಆದರೆ ಉಣ್ಣಲು ಕೂತರೆ ಅನ್ನವೇ ಸಾಕ್ಷಿ ಹೇಳುತ್ತಿತ್ತು, ಬೆರಳು ತಾಗಿದ ಅಗುಳು ನೀಲಿ. ಅವನ್ನೇ ಮೊದಲು ಹುಡುಕಿ ನುಂಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಜಗಲಿಯಲ್ಲಿ ಲೋಟಗಳು ಕಾಯುತ್ತಿದ್ದವು. ಹೊಟ್ಟೆನೋವು ಎಂದು ಕಂಬಳಿ ಹೊದ್ದರೆ ಪದ್ದಕ್ಕ ಕಂಬಳಿಯನ್ನೇ ಎಳೆದಳು. “ಏಳಾ ವಿಜ್ಞಾನಿ! ಭಾನುವಾರ ನಿಮ್ಮ ಮೇಷ್ಟ್ರನ್ನೇ ಕರೆಸ್ತಿದೀನಿ. ಅವ್ರ ಬಾಯಲ್ಲೇ ಬರ್ಲಿ, ಆಮೇಲೆ ಇವಳನ್ನ ಕೇರಿಗೆ ಹತ್ತಿಸೋದೇ ಬ್ಯಾಡ.”

ಭಾನುವಾರದವರೆಗಿನ ದಿನಗಳನ್ನು ನಾನು ಬೋನಿನೊಳಗಿನ ಇಲಿಯ ಹಾಗೆ ಕಳೆದೆ. ಓಡಿಹೋಗಲು ತಾಳಗುಪ್ಪದ ರೈಲೂ ನೆನಪಾಯಿತು. ಅದು ಹೋಗುವುದು ಎಲ್ಲಿಗೆ, ತಾಳಗುಪ್ಪದಲ್ಲಿ ಹಳಿ ಮುಗಿದು ಮತ್ತೆ ನಮ್ಮೂರ ಮೇಲೆಯೇ ವಾಪಸು.

ಮೇಷ್ಟ್ರು ಬಂದರು. ಮಣೆಯ ಮೇಲಿದ್ದ ಸೀಸೆಯನ್ನು ನೋಡಿದರು, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಹಾಲಿಗೆ ತೊಟ್ಟು ಬಿಟ್ಟರು, ನೀಲಿ. “ಕಂಡ್ರಾ!” ಎಂದಳು ಪದ್ದಕ್ಕ. ಮೇಷ್ಟ್ರು ಬಂಗಾರಕ್ಕನ ಖಾಲಿ ಪಾತ್ರೆಯನ್ನು ಬಾವಿನೀರಿನಿಂದ ಮೂರು ಸಲ ತೊಳೆದರು. ಹಾಲಿನ ಬಿಳಿ ಹೋದಮೇಲೆ ನಾಲ್ಕನೇ ನೀರು ಹಾಕಿ, ಕಡ್ಡಿಯಿಂದ ತಳ ಕೆರೆದು, ಲೋಟಕ್ಕೆ ಬಗ್ಗಿಸಿ, ತೊಟ್ಟು ಬಿಟ್ಟರು. ಹಾಲಿಲ್ಲದ ಬರೀ ನೀರೂ ನೀಲಿಯಾಯಿತು.

“ತಪ್ಪು ಹಾಲಲ್ಲಿಲ್ಲ, ಪಾತ್ರೆಯಲ್ಲಿದೆ. ಹಸಿ ಹಿಟ್ಟಾದ್ರೆ ಮೂರು ನೀರಿಗೆ ಹೋಗ್ತಿತ್ತು, ಇದು ಬೆಂದ ಗಂಜಿ. ಇದಕ್ಕೆ ಅನ್ನದ ನಂಟು ಎಲ್ಲಿಂದ ಬಂತು?”

ಬಂಗಾರಕ್ಕ ಅಮ್ಮನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಕೊಟ್ಟ ಕೈಯನ್ನು ತೋರಿಸಿಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಆಗ ನಾನು ಬಾಗಿಲ ಹಿಂದಿನಿಂದ ಅಂಗಳಕ್ಕೆ ಇಳಿದೆ. ಎಲ್ಲರ ಎದುರು ಗಟ್ಟಿಯಾಗಿ ಹೇಳಿದೆ: “ಅದು ನಮ್ಮನೆ ಅಕ್ಕಚ್ಚು. ಬಂಗಾರಕ್ಕನ ತಪ್ಪಲ್ಲ, ತಪ್ಪು ನಮ್ಮದು.”

ಮೇಷ್ಟ್ರು ಸೀಸೆಯನ್ನು ಜೇಬಿಗೆ ಹಾಕಿಕೊಂಡು, “ನಾಳೆ ಪ್ರಾರ್ಥನೆಗೆ ಮುಂಚೆ ಬಾ,” ಎಂದಷ್ಟೇ ಹೇಳಿದರು. ಸ್ಕೂಲಿನಿಂದ ಹಾಕಲಿಲ್ಲ. ವರ್ಷ ಮುಗಿಯುವವರೆಗೆ ಬೀರುವಿನ ಗಾಜುಗಳನ್ನೆಲ್ಲ ನಾನೇ ತೊಳೆದೆ.

ಏಳು ಮನೆಗಳೂ ಮತ್ತೆ ಹಾಲು ತೆಗೆದುಕೊಂಡವು. ಆದರೆ ಮಾರನೆಯ ಬೆಳಿಗ್ಗೆ ಅಮ್ಮ ಅಕ್ಕಚ್ಚಿನ ಪಾತ್ರೆ ಎತ್ತಿದಾಗ ಬಂಗಾರಕ್ಕ ತನ್ನದರ ಬಾಯಿಗೆ ಅಂಗೈ ಅಡ್ಡ ಹಿಡಿದಳು. “ಬ್ಯಾಡ್ರಮ್ಮ. ಬರೀ ಪಾತ್ರೆ ಹೊರಾಕೆ ಹಗುರ.” ಬೇರೆ ಕೊಡ ತರುತ್ತೀಯಾ ಎಂದು ಅಮ್ಮ ಕೇಳಿದರೂ ಒಪ್ಪಲಿಲ್ಲ. ಆಮೇಲೆ ಎಷ್ಟೋ ವರ್ಷ ಅಮ್ಮ ಅದನ್ನು ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದಳು. ಚೆಲ್ಲುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಈಗ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕೊಬ್ಬು ಎಷ್ಟು, ಸಸಾರಜನಕ ಎಷ್ಟು ಎಂದು ಮೇಲೆಯೇ ಅಚ್ಚು ಹಾಕಿರುತ್ತಾರೆ. ತೊಟ್ಟು ಬಿಟ್ಟು ನೋಡುವವರು ಬೇಕಿಲ್ಲ. ತಂದವನ ಮುಖ ಗೊತ್ತಿಲ್ಲ. ಹಿಂದಕ್ಕೆ ಕಳಿಸಲು ಪಾತ್ರೆಯಿಲ್ಲ, ಅದರಲ್ಲಿ ಏನಾದರೂ ಹಾಕಿ ಕಳಿಸುವ ಮಾತಂತೂ ಇಲ್ಲವೇ ಇಲ್ಲ.

ಸರಿ, ಆ ಸುಳ್ಳು. ಪಂಚೆಯದು ನಿಜ, ಸೀನು ನಿಜ, ನೀಲಿ ಅಗುಳೂ ನಿಜ. ಅಂಗಳಕ್ಕೆ ಇಳಿದವನು ಮಾತ್ರ ನಾನಲ್ಲ. ನಾನು ಕಂದು ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲ ಹಿಂದೆಯೇ ನಿಂತಿದ್ದೆ. ಇಳಿದವಳು ಅಮ್ಮ, ಆ ಮಾತೂ ಅವಳದೇ. ಅವಳಿಗೆ ವಿಷಯ ಗೊತ್ತಾಗಿದ್ದು ಆ ಗಳಿಗೆಯಲ್ಲಿ. ನನಗೆ ನಾಲ್ಕು ದಿನದಿಂದ ಗೊತ್ತಿತ್ತು. ಮೇಷ್ಟ್ರು ಹೇಳಿದ ನಾಲ್ಕನೆಯದು ಅವಳಿಂದ ನನಗೆ ಎಷ್ಟು ದಾಟಿದೆಯೋ, ನೋಡಲು ಇವತ್ತಿಗೂ ನನ್ನ ಹತ್ತಿರ ಸೀಸೆ ಇಲ್ಲ.