ಅಪ್ಪನ ಹಳೆಯ ಡಿಸ್ಕ್

ಬೀದಿಯವರೆಲ್ಲ ರಿಪೇರಿ ಅಕ್ಕ ಎನ್ನುವ ಅವಳು ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡ ಮಾತು ಒಂದೇ: "ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕೋ ಮುಂಚೆ ಹಳೇ ಡಿಸ್ಕ್ ಬಿಚ್ಚಿಡಿ."

ಕಳೆದ ವರ್ಷ ತೀರಿಕೊಂಡ ಅಪ್ಪನ ಲ್ಯಾಪ್‌ಟಾಪನ್ನು ಅಮ್ಮನಿಗೆಂದು ಸರಿಮಾಡಲು ಕೂತಾಗ ಮಾತ್ರ, ಹೊಸ ಎಸ್‌ಎಸ್‌ಡಿ ಡಿಸ್ಕ್ ಕೂರಿಸಿ, ಹಳೆಯ ಡಿಸ್ಕನ್ನು ಸಿಡಿ ಡ್ರೈವಿನ ಜಾಗಕ್ಕೆ ಸೇರಿಸಿದ್ದಳು. ಇನ್‌ಸ್ಟಾಲ್ ಅರ್ಧ ಮುಗಿದು ರೀಸ್ಟಾರ್ಟ್ ಆದಾಗಲೆಲ್ಲ ಲ್ಯಾಪ್‌ಟಾಪ್ ಹಳೆಯ ಡಿಸ್ಕಿಗೇ ಓಡುತ್ತಿತ್ತು; ಪರದೆಯ ಮೇಲೆ ಅಪ್ಪನ ನಗುಮುಖ ಬಂದು ಪಾಸ್‌ವರ್ಡ್ ಕೇಳುತ್ತಿತ್ತು. ಮೂರು ಸಲ ಹೀಗೇ ಆಯಿತು. ಅವಳು ಇನ್‌ಸ್ಟಾಲ್ ಮಾಡಲು ಚುಚ್ಚಿದ್ದ ಪೆನ್‌ಡ್ರೈವನ್ನು ಬೈದಳು, ಕೇಬಲ್ಲನ್ನೂ ಬೈದಳು.

ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ ಕೇಳಿದಳು, "ಊರಿಗೆಲ್ಲ ಹೇಳ್ತೀಯಲ್ಲ, ನೀನು ಹಳೇದು ಬಿಚ್ಚಿದ್ಯಾ?"

"ಮನಸ್ಸು ಬರಲಿಲ್ಲಮ್ಮ."

"ತೆಗೆದು ನನ್ನ ಕೈಲಿ ಕೊಡು. ಎಲ್ಲಿಗೂ ಹೋಗಲ್ಲ."

ಮಗಳು ಬಿಚ್ಚಿ ಕೊಟ್ಟಳು. ಈ ಸಲ ಕೆಲಸ ಸಲೀಸಾಗಿ ಮುಗಿದು, ಪರದೆಯು ಲ್ಯಾಪ್‌ಟಾಪ್ ಬಳಸುವವರ ಹೆಸರು ಕೇಳಿತು.

"ಅಪ್ಪನ ಹೆಸರೇ ಹಾಕ್ಲಾ?"

"ನಂದು ಹಾಕು. ಇದ್ದಾಗ ಒಂದು ದಿನ ಮುಟ್ಟೋಕೆ ಬಿಟ್ರಾ ನಿಮ್ಮಪ್ಪ?"

ಹಾಗೆಂದ ಅಮ್ಮ, ಬೆಚ್ಚಗೆ ಕೈಸೇರಿದ್ದ ಹಳೆಯ ಡಿಸ್ಕನ್ನು ಅಷ್ಟೂ ಹೊತ್ತು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ತಣ್ಣಗಾಗಲು ಬಿಟ್ಟಿರಲೇ ಇಲ್ಲ.